ಏಳನೇ ನಿಯಮ ಮತ್ತು ನಮ್ಮ ಬೆಳ್ಳಿಹಬ್ಬ

ಅಂಪೈರನ ಶತ್ರುಗಳೆಲ್ಲ ಮೈದಾನದಲ್ಲೇ ಇರುತ್ತಾರೆಂದು ನೀವು ತಿಳಿದಿದ್ದರೆ ಅದು ನಿಮ್ಮ ಪುಣ್ಯ. ನೀವಿನ್ನೂ ಅಂಪೈರರ ಸಂಘಕ್ಕೆ ಅಧ್ಯಕ್ಷರಾಗಿಲ್ಲ ಎಂದರ್ಥ. ನಾನಾಗಿದ್ದೇನೆ. ವೆಂಡೆಲ್ ಓಸ್ಟರ್‌ಮನ್, ಟಿಲ್ಡನ್ ಕೌಂಟಿ ಹೈಸ್ಕೂಲ್ ಸಾಫ್ಟ್‌ಬಾಲ್ ಅಂಪೈರರ ಸಂಘದ ಅಧ್ಯಕ್ಷ. ಹಗಲು ಬೀಜ-ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತೇನೆ. ಉಳಿದ ಹೊತ್ತೆಲ್ಲ ಯಾವ ಊರಿನ ಹುಡುಗಿಯರ ಪಂದ್ಯಕ್ಕೆ ಯಾವ ಅಂಪೈರನನ್ನು ಕಳಿಸುವುದೆಂದು ತಲೆ ಕೆರೆದುಕೊಳ್ಳುತ್ತೇನೆ. ಸಂಘದ ಕೇಂದ್ರ ಕಚೇರಿ ನಮ್ಮ ಅಡುಗೆಮನೆ. ದೂರವಾಣಿ ವಿಭಾಗ ಫ್ರಿಜ್ಜಿನ ಪಕ್ಕದ ಗೋಡೆ. ಸಿಬ್ಬಂದಿ ವರ್ಗ ನನ್ನ ಹೆಂಡತಿ ಆರ್ಲೀನ್. (ಸಂಬಳವಿಲ್ಲ, ರಜೆಯಿಲ್ಲ. ಗದರುವ ಅಧಿಕಾರ ಮಾತ್ರ ಖಾಯಂ.)

ನನ್ನ ಆಳ್ವಿಕೆಯ ಮಹತ್ಸಾಧನೆಯೆಂದರೆ ಏಳನೇ ನಿಯಮ. ಅದಕ್ಕೊಂದು ಘೋರ ಇತಿಹಾಸವಿದೆ. ನಮ್ಮ ಎಲ್ಡನ್ ಪ್ರೂಟ್ ಎಂಬ ಅಂಪೈರ್ ಎರಡು ವರ್ಷದ ಹಿಂದೆ ಒಂದು ಶನಿವಾರ, ಬಾಯಿಗೆ ಬಂದಂತೆ ಬೈದ ಕೋಚ್ ಒಬ್ಬನನ್ನು ಮೈದಾನದಿಂದ ಹೊರಹಾಕಿದ. ಮರುದಿನ ಚರ್ಚಿನ ಪ್ಯಾನ್‌ಕೇಕ್ ತಿಂಡಿಯಲ್ಲಿ ಇಬ್ಬರೂ ಎದುರುಬದುರಾದರು. ಅವರ ಕಿತ್ತಾಟದಲ್ಲಿ ಪಾದ್ರಿಗಳ ಕೋಟಿನ ಮೇಲೆ ಚೆಲ್ಲಿದ ಸಿಹಿ ಮೇಪಲ್ ಪಾಕದ ಕಲೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಆ ಚಳಿಗಾಲವೆಲ್ಲ ಕೂತು ನಾನು ನಿಯಮ ರಚಿಸಿದೆ: 'ಯಾರನ್ನಾದರೂ ಹೊರಹಾಕಿದ ಅಂಪೈರ್, ಮೈದಾನದಿಂದ ಮನೆಗೆ ಹೊರಡುವ ಮೊದಲು ಸಂಘದ ಕಚೇರಿಗೆ ಫೋನ್ ಮಾಡಿ ವರದಿ ಒಪ್ಪಿಸತಕ್ಕದ್ದು. ಹೊರಹಾಕಿದವರೂ ಹೊರಹೋದವರೂ ಸೋಮವಾರದ ವಿಚಾರಣೆ ಮುಗಿಯುವವರೆಗೆ ಒಂದೇ ಸೂರಿನಡಿ ಸೇರಕೂಡದು.' ಸಂಘದ ಸಭೆಯಲ್ಲಿ ಓದಿ ಮತಕ್ಕೆ ಹಾಕಿದಾಗ ನನಗೇ ರೋಮಾಂಚನವಾಯಿತು.

ಇನ್ನು ನಮ್ಮ ಮದುವೆಯ ವಿಚಾರ. ನಾವು ಮದುವೆಯಾದದ್ದು ಮೇ ತಿಂಗಳಲ್ಲಿ, ಪಂದ್ಯಗಳ ಸುಗ್ಗಿಯಲ್ಲಿ. ಆಗ ನಾನು ಅಂಪೈರ್ ಆಗಿರಲಿಲ್ಲ. ಆಗಿದ್ದರೆ ಬುದ್ಧಿವಂತನಾಗಿ ಡಿಸೆಂಬರಿನಲ್ಲಿ ಆಗುತ್ತಿದ್ದೆ. ಪ್ರತಿ ವರ್ಷ ಆ ದಿನಕ್ಕೆ ಸರಿಯಾಗಿ ಎಲ್ಲೋ ಒಂದು ಪಂದ್ಯ ವಕ್ಕರಿಸುತ್ತದೆ. ಆರ್ಲೀನ್ ಒಬ್ಬಳೇ ಕೂತು ಉಂಡ ವಾರ್ಷಿಕೋತ್ಸವಗಳನ್ನು ನೆನೆದರೆ ನನಗೇ ನಾಚಿಕೆಯಾಗುತ್ತದೆ. ಈ ಸಲ ಇಪ್ಪತ್ತೈದನೆಯದು, ಬೆಳ್ಳಿಹಬ್ಬ, ಅದೂ ಶುಕ್ರವಾರ. ನದಿ ದಂಡೆಯ ದೊಡ್ಡ ಹೋಟೆಲಿನಲ್ಲಿ ಏಳೂವರೆಗೆ ಕಿಟಕಿ ಪಕ್ಕದ ಟೇಬಲು ಕಾದಿರಿಸಿದ್ದಳು.

"ವೆಂಡೆಲ್, ಈ ಸಲ ಏನಾದ್ರೂ ಕೈಕೊಟ್ಯೋ..." ಎಂದು ಬೆಳಿಗ್ಗೆ ಮೊಟ್ಟೆ ಹುರಿಯುತ್ತಾ ಅಂದಳು. ಕೈಯ ಸಟ್ಟುಗ ನನ್ನ ಕಡೆಗೇ ತಿರುಗಿತ್ತು.

"ಪ್ರಮಾಣ ಮಾಡ್ತೀನಿ ಕಣೆ, ಇವತ್ತು ನಂಗೆ ಪಂದ್ಯವೇ ಇಲ್ಲ!"

ಅಷ್ಟರಲ್ಲಿ ಗೋಡೆಯ ಫೋನು ಹೊಡೆದುಕೊಂಡಿತು.

ಸಂಜೆಯ ಪಂದ್ಯಕ್ಕೆ ಮುಖ್ಯ ಅಂಪೈರಾಗಿ, ಬ್ಯಾಟು ಬೀಸುವ ಜಾಗದ ಪ್ಲೇಟಿನ ಹಿಂದೆ ನಿಲ್ಲಬೇಕಾಗಿದ್ದ ಫ್ಲಾಯ್ಡ್. ಹುಲ್ಲು ಕತ್ತರಿಸುವ ಯಂತ್ರ ಎತ್ತಲು ಹೋಗಿ ಬಗ್ಗಿದವನು ಬಗ್ಗಿದಂತೆಯೇ ಉಳಿದಿದ್ದನಂತೆ. ಅದು ಟಿಲ್ಡನ್‌ಗೂ ಮಾರ್ಶ್‌ಫೀಲ್ಡ್‌ಗೂ ನಡೆಯುವ ವರ್ಷದ ದೊಡ್ಡ ಪಂದ್ಯ. ಸಾಲದ್ದಕ್ಕೆ ನಮ್ಮ ಸಂಘದ ಯೋಗ್ಯತೆ ಅಳೆಯಲು ರಾಜ್ಯ ಮಂಡಳಿಯಿಂದ ಪೆಟಿಗ್ರೂ ಎಂಬ ವೀಕ್ಷಕ ಬರುವವನಿದ್ದ. ಅವನು ಮೂಗು ಮುರಿದರೆ ಮುಂದಿನ ವರ್ಷ ನಮ್ಮ ಪಂದ್ಯಗಳೆಲ್ಲ ಪಕ್ಕದ ಕೌಂಟಿಯವರ ಪಾಲು.

ಇದ್ದಬದ್ದವರಿಗೆಲ್ಲ ಫೋನ್ ಮಾಡಿದೆ. ಒಬ್ಬನ ಮಗಳು ಟಿಲ್ಡನ್ ತಂಡದಲ್ಲೇ ಆಡುತ್ತಾಳೆ, ಅವನು ನಿಲ್ಲುವಂತಿಲ್ಲ. ಇನ್ನೊಬ್ಬನ ಮುಖ ಕಂಡರೆ ಮಾರ್ಶ್‌ಫೀಲ್ಡ್ ಕೋಚಿಗೆ ಆಗುವುದಿಲ್ಲ. ಉಳಿದವರನ್ನು ನಾನೇ ದೂರದ ಊರುಗಳಿಗೆ ಹಂಚಿ ಕೂತಿದ್ದೆ. ಕೊನೆಗೆ ಮಿಕ್ಕವನು ಅಧ್ಯಕ್ಷ ಮಹಾಶಯನೊಬ್ಬನೇ.

"ನಾಲ್ಕೂವರೆಗೆ ಶುರು, ಆರೂವರೆಗೆ ಮುಗಿಯತ್ತೆ," ಎಂದು ನೆಲ ನೋಡುತ್ತಾ ಅಂದೆ. "ಏಳಕ್ಕೆ ಮನೇಲಿರ್ತೀನಿ."

"ಬೇಡ. ಮನೆಗೆ ಬರ್ತೀಯಂತ ಕಾದು ಕಾದು ನನಗೆ ಸಾಕಾಗಿದೆ. ಎಲ್ಡನ್ ಕೂಡ ಅದೇ ಪಂದ್ಯಕ್ಕಲ್ವಾ, ಅವನ ಕಾರಲ್ಲಿ ಹೋಗು. ನಾನು ನಮ್ಮ ಕಾರು ತಗೊಂಡು ಮೈದಾನಕ್ಕೇ ಬರ್ತೀನಿ."

"ಮೈದಾನಕ್ಕಾ? ಯಾಕೆ ಸುಮ್ನೆ ತೊಂದರೆ..."

"ತೊಂದರೆ ಯಾರಿಗೆ ಅನ್ನೋದು ಅಲ್ಲೇ ಗೊತ್ತಾಗತ್ತೆ," ಎಂದಳು.

ಪಂದ್ಯ ಶುರುವಾಯಿತು. ಮೊದಮೊದಲು ನೀರು ಹರಿದಂತೆ ಹರಿಯಿತು. ಬೇಸುಗಳ ಬಳಿ ನಿಂತಿದ್ದ ಎಲ್ಡನ್ ನನಗೆ ಹೆಬ್ಬೆರಳು ಎತ್ತಿ ತೋರಿಸಿದ. ಆದರೆ ನನ್ನ ಗ್ರಹಚಾರ ನೋಡಿ, ಏಳು ಇನ್ನಿಂಗ್ಸ್ ಮುಗಿದಾಗ ಎರಡೂ ತಂಡ ಸಮ. ಏಳಕ್ಕೇ ಮುಗಿಯಬೇಕಾದ ಆಟ ಎಂಟನೆಯದಕ್ಕೆ ಬೆಳೆಯಿತು. ಬೆವರೊರೆಸಿಕೊಂಡು ತಿರುಗಿ ನೋಡುತ್ತೇನೆ, ಪ್ಲೇಟಿನ ಹಿಂದಿನ ತಂತಿಬೇಲಿಗೆ ಅಂಟಿಕೊಂಡ ಮೊದಲ ಸಾಲಿನಲ್ಲಿ ಹಸಿರು ರೇಷ್ಮೆ ಉಡುಪು, ಮುತ್ತಿನ ಸರ! ಪಕ್ಕದಲ್ಲಿ ಪೆನ್ಸಿಲ್ ಕಚ್ಚಿಕೊಂಡ ಪೆಟಿಗ್ರೂ! ಆರ್ಲೀನ್ ತನ್ನ ಕೈಗಡಿಯಾರವನ್ನು ಬೆರಳಿನಿಂದ ಟಕಟಕ ಕುಟ್ಟಿದಳು. ಪ್ರೇಕ್ಷಕರ ಗದ್ದಲದ ನಡುವೆಯೂ ಆ ಟಕಟಕ ನನಗೆ ಕೇಳಿಸಿತೆಂದರೆ ನೀವು ನಂಬಬೇಕು.

ಎಂಟನೆಯದರ ಕೊನೆಗೆ ಟಿಲ್ಡನ್ ಹುಡುಗಿಯರು ಬ್ಯಾಟಿಂಗ್. ಸ್ಕೋರು ಇನ್ನೂ ಸಮ, ಇಬ್ಬರು ಔಟ್, ಮೂರು ಬೇಸೂ ಭರ್ತಿ. ಬ್ಯಾಟು ಹಿಡಿದ ಹುಡುಗಿಗೆ ಉಳಿದದ್ದು ಒಂದೇ ಎಸೆತ. ಅವಳು ಬಿಟ್ಟ ಚೆಂಡನ್ನು ನಾನು 'ಬಾಲ್' (ಮಂಡಿಗಿಂತ ಕೆಳಗೋ ಪ್ಲೇಟಿನಾಚೆಗೋ ಹೋದ ಎಸೆತ) ಎಂದರೆ ಅವಳು ಪುಕ್ಕಟೆಯಾಗಿ ಬೇಸಿಗೆ ನಡೆಯುತ್ತಾಳೆ, ಮೂರನೆಯ ಬೇಸಿನವಳು ಪ್ಲೇಟು ಮುಟ್ಟಿ ಗೆಲುವಿನ ರನ್ ತರುತ್ತಾಳೆ, ಪಂದ್ಯ ಮುಗಿಯುತ್ತದೆ, ನಾನು ಕಿಟಕಿ ಪಕ್ಕದ ಟೇಬಲಿನಲ್ಲಿರುತ್ತೇನೆ. 'ಸ್ಟ್ರೈಕ್' ಎಂದರೆ ಅವಳು ಔಟ್, ಒಂಬತ್ತನೆಯದು ಶುರು.

ದೇವರೇ, ಅವಳು ಬ್ಯಾಟು ಬೀಸಲಿ ಎಂದು ಬೇಡಿಕೊಂಡೆ. ಬೀಸಲಿಲ್ಲ. ಕಲ್ಲಿನ ಹಾಗೆ ನಿಂತಳು. ಚೆಂಡು ಮಂಡಿಯ ಮಟ್ಟದಲ್ಲಿ ಪ್ಲೇಟಿನ ಅಂಚನ್ನು ಸವರಿಕೊಂಡು ಬಂದು ಕ್ಯಾಚರ್ ಹುಡುಗಿಯ ಗ್ಲೌಸಿನಲ್ಲಿ ಕೂತಿತು. ನನ್ನ ನಾಲಿಗೆಯ ತುದಿಯಲ್ಲಿ 'ಬಾಲ್' ಎಂಬ ಮಾತು ಬೆಣ್ಣೆ ಹಚ್ಚಿಕೊಂಡು ಕಾದಿತ್ತು. ಅದೊಂದು ಮಾತು ಅಂದುಬಿಟ್ಟಿದ್ದರೆ! ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವುದು ಹೇಗೆ? ನನ್ನ ಬಲಗೈ ತಾನಾಗಿ ಮೇಲೆ ಹೋಯಿತು.

"ಸ್ಟ್ರೈಕ್ ತ್ರೀ!"

ಟಿಲ್ಡನ್ ಕಡೆಯವರು ಹೋ ಎಂದು ಕೂಗಿದರು. ಆ ಕೂಗನ್ನು ಸೀಳಿಕೊಂಡು ಇನ್ನೊಂದು ಕೂಗು ಬಂತು.

"ವೆಂಡೆಲ್ ಓಸ್ಟರ್‌ಮನ್! ಕಣ್ಣಿಗೆ ಏನು ಪೊರೆ ಬಂದಿದೆಯಾ? ಅದು ಮೊಣಕಾಲಿನ ಕೆಳಗೆ ಹೋಯ್ತು!"

ನಾನು ಕೇಳದವನಂತೆ ಬಗ್ಗಿ, ಕುಂಚದಿಂದ ಪ್ಲೇಟಿನ ಧೂಳು ಗುಡಿಸಿದೆ. ಹೊಸದಾಗಿ ಬಂದ ಅಂಪೈರರಿಗೆ ಪ್ರತಿ ಸೋಮವಾರ ನಾನು ಬೋಧಿಸುವುದೇ ಅದು: ಕೂಗಿದರೆ ಕೂಗಲಿ, ಕಿವುಡರಾಗಿ. ಆದರೆ ಬೇಲಿಯೊಳಗೆ ಬೆರಳು ತೂರಿತೋ, ಹಡೆದ ತಾಯಿಯೇ ಆಗಲಿ, ಗೇಟು ತೋರಿಸಿ.

ಕಿಣಿಕಿಣಿ ಸದ್ದಾಯಿತು. ತಂತಿಬೇಲಿಯ ಸಂದಿಯಿಂದ ನಮ್ಮ ಮದುವೆಯುಂಗುರ ತೊಟ್ಟ ಬೆರಳು ಈಚೆಗೆ ಬಂದಿತ್ತು.

"ಬೇಕಂತಲೇ ಮಾಡ್ದೆ! ನನ್ನ ಜೊತೆ ಕೂತು ಒಂದು ಹೊತ್ತು ಉಣ್ಣೋದಕ್ಕಿಂತ ಇಲ್ಲಿ ಧೂಳು ತಿನ್ನೋದೇ ರುಚಿ ನಿಂಗೆ!"

ಪೆಟಿಗ್ರೂ ಬಾಯಿಂದ ಪೆನ್ಸಿಲ್ ತೆಗೆದ. ಎಲ್ಡನ್ ಓಡೋಡಿ ಬಂದು, "ಅಧ್ಯಕ್ಷರೇ, ನೀವು ನೋಡಿಲ್ಲ. ನಾನೂ ನೋಡಿಲ್ಲ. ಬಿಟ್ಬಿಡಿ," ಎಂದು ಪಿಸುಗುಟ್ಟಿದ.

"ಆರ್ಲೀನ್, ಬೆರಳು ತೆಗಿ," ಎಂದೆ ಮೆಲ್ಲಗೆ.

"ತೆಗಿಯಲ್ಲ!"

"ಕೈ ಮುಗೀತೀನಿ ಕಣೆ. ಅವನು ಬರ್ಕೊತಿದ್ದಾನೆ."

"ಬರ್ಕೊಳ್ಳಲಿ! ನನ್ನ ಹೆಸರಿನ ಕಾಗುಣಿತ ಬೇಕಾದ್ರೆ ನಾನೇ ಹೇಳ್ತೀನಿ!"

ಆ ಕ್ಷಣ ನಾನು ಗಂಡನಾಗಿರಬೇಕಿತ್ತು. ದುರದೃಷ್ಟಕ್ಕೆ ಮುಖಕ್ಕೆ ಜಾಲರಿ, ಎದೆಗೆ ಕವಚ ಕಟ್ಟಿಕೊಂಡು ಅಂಪೈರ್ ಆಗಿದ್ದೆ. ನನ್ನ ತೋಳು ನಿಧಾನವಾಗಿ ಎದ್ದು ಗೇಟಿನ ಕಡೆ ತಿರುಗಿತು. ಆರ್ಲೀನ್ ಆ ತೋಳನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ತುಟಿ ಸ್ವಲ್ಪ ಅದುರಿತೆಂದು ಕಾಣುತ್ತದೆ. ಆಮೇಲೆ ಚೀಲ ಹೆಗಲಿಗೇರಿಸಿ, ಇಡೀ ಊರಿನ ಮುಂದೆ ರಾಣಿಯ ಹಾಗೆ ನಡೆದು ಹೋದಳು. ನಮ್ಮ ಕಾರು ಹೊರಟ ಸದ್ದು ಕೇಳಿಸಿತು.

ಒಂಬತ್ತನೆಯದರಲ್ಲಿ ಯಾರೋ ಗೆದ್ದರು.

ಪೆಟಿಗ್ರೂ ನನ್ನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. "ಇಂಥ ನಿಷ್ಪಕ್ಷಪಾತ ನಾನು ಕಂಡಿಲ್ಲ ಕಣ್ರೀ! ನಿಮ್ಮ ಸಂಘಕ್ಕೆ ಇನ್ನು ಭಯವಿಲ್ಲ. ಅಂದ ಹಾಗೆ, ನಿಮ್ಮಲ್ಲಿ ಏಳನೇ ನಿಯಮ ಅಂತ ಒಂದಿದೆಯಂತಲ್ಲ? ವರದಿ ಈಗಲೇ ಮಾಡ್ತೀರಾ? ನೋಡಿ ಹೋಗ್ತೀನಿ."

ಓಡಿಹೋಗಲು ದಾರಿ ಇರಲಿಲ್ಲ. ಎಲ್ಡನ್‌ನ ಕಾರಿಗೆ ಒರಗಿ, ಸಂಘದ ಕಚೇರಿಗೆ ಫೋನ್ ಹಚ್ಚಿದೆ.

"ಅಂಪೈರರ ಸಂಘ. ಹೇಳಿ," ಎಂದಿತು ಐಸಿನಂಥ ಧ್ವನಿ.

"ಆರ್ಲೀನ್, ನಾನು..."

"ಅಂಪೈರ್ ಹೆಸರು?"

"ಅಯ್ಯೋ, ಕೇಳೇ ಇಲ್ಲಿ..."

"ಹೆಸರು ಹೇಳಿ ಸ್ವಾಮಿ. ಲೈನು ಕಾಯ್ತಿದೆ."

"ವೆಂಡೆಲ್ ಓಸ್ಟರ್‌ಮನ್."

"ಹೊರಹೋದವರು?"

"...ಆರ್ಲೀನ್ ಓಸ್ಟರ್‌ಮನ್."

"ಅವರು ಅಂದದ್ದೇನು? ಒಂದಕ್ಷರ ಬಿಡದೆ ಹೇಳಿ, ಬರ್ಕೊತಿದ್ದೀನಿ."

ಪೆಟಿಗ್ರೂ ಪಕ್ಕದಲ್ಲೇ ತಲೆಯಾಡಿಸುತ್ತಾ ನಿಂತಿದ್ದ. ಕಣ್ಣಿನ ಪೊರೆಯಿಂದ ಹಿಡಿದು ಧೂಳು ತಿನ್ನುವವರೆಗೆ ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿಸಿದಳು. ಒಂದು ಕಡೆ ತಪ್ಪಿದ್ದಕ್ಕೆ ತಿದ್ದಿದಳು ಕೂಡ.

"ಸರಿ, ದಾಖಲಾಯ್ತು. ವಿಚಾರಣೆ ಸೋಮವಾರ ಸಂಜೆ."

"ಆರ್ಲೀನ್, ಹತ್ತೇ ನಿಮಿಷದಲ್ಲಿ ಬಂದೆ. ಆ ಟೇಬಲು ಇನ್ನೂ ಇರತ್ತೆ, ಹೋಗೋಣ..."

"ಟೇಬಲು ಇದೆ. ನನ್ನ ಅಕ್ಕ ಬರ್ತಿದ್ದಾಳೆ. ನೀವು ಬರೋ ಹಾಗಿಲ್ಲ." ಹಾಳೆ ಮಗುಚಿದ ಸದ್ದು. "'ಹೊರಹಾಕಿದವರೂ ಹೊರಹೋದವರೂ ಸೋಮವಾರದ ವಿಚಾರಣೆ ಮುಗಿಯುವವರೆಗೆ ಒಂದೇ ಸೂರಿನಡಿ ಸೇರಕೂಡದು.' ಹೋಟೆಲಿಗೂ ಸೂರಿದೆ, ಈ ಮನೆಗೂ ಇದೆ. ಎಷ್ಟು ಚೆನ್ನಾಗಿ ಬರ್ದಿದ್ದೀಯ ವೆಂಡೆಲ್! ನಿನ್ನ ಹಲ್ಲುಜ್ಜೋ ಬ್ರಷ್ಷು ವರಾಂಡದಲ್ಲಿ ಇಟ್ಟಿರ್ತೀನಿ. ಅಲ್ಲೂ ಸೂರಿದೆ, ಮೆಟ್ಟಿಲ ಮೇಲೆ ನಿಂತೇ ಎತ್ಕೋ."

ಫೋನು ಕಟ್ಟಾಯಿತು. "ಅದ್ಭುತ ಶಿಸ್ತು! ರಾಜ್ಯಕ್ಕೆಲ್ಲ ಈ ನಿಯಮ ತರಿಸ್ತೀನಿ!" ಎನ್ನುತ್ತಾ ಪೆಟಿಗ್ರೂ ಹೊರಟುಹೋದ.

ಎಲ್ಡನ್ ನನ್ನ ಎದೆಗವಚವನ್ನು ಡಿಕ್ಕಿಯಲ್ಲಿಟ್ಟು, ಬಾಗಿಲು ತೆರೆದು ಕೂರಿಸಿದ. ತನ್ನ ಮನೆಯ ಕಡೆಗೆ ಕಾರು ತಿರುಗಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ನಮ್ಮನೆ ಸೋಫಾ ಸ್ವಲ್ಪ ಗಿಡ್ಡ, ಅಧ್ಯಕ್ಷರೇ. ಕಾಲು ಮಡಚ್ಕೊಂಡೇ ಮಲಗ್ಬೇಕು. ಆ ನಿಯಮ ಬೇಡ ಅಂತ ಅವತ್ತು ಸಭೇಲಿ ಕೈ ಎತ್ತಿದವನು ನಾನೊಬ್ಬನೇ, ನೆನಪಿದೆಯಾ?"