ಹೆಂಡತಿಯ ರಕ್ತವೂ ಸಿರುಗುಪ್ಪದ ಭತ್ತವೂ

ಎರಡು ಸಾವಿರದ ಮುನ್ನೂರು ರೂಪಾಯಿ. ಅದೂ ಚೌಕಾಶಿ ಮಾಡಿದ ಮೇಲೆ! ಬಳ್ಳಾರಿಯ ಗಾಂಧಿನಗರದ ಲ್ಯಾಬೊಂದರಲ್ಲಿ ನನ್ನ ಹೆಂಡತಿ ಶಾರದಾಳ ವಿಟಮಿನ್ ಪರೀಕ್ಷೆಗೆ ತೆತ್ತದ್ದು. ಆಕೆಯ ಕಾಲುಗಳು ಜುಮ್ಮೆನ್ನುತ್ತಿದ್ದವು. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದಳು. "ಮೊದಲು ರಕ್ತ ನೋಡೋಣ್ರಿ, ಆಮ್ಯಾಲೆ ಔಷಧಿ" ಎಂದು ಡಾಕ್ಟರಮ್ಮ ಚೀಟಿ ಬರೆದಿದ್ದರು.

ನಾನು ಸಿರುಗುಪ್ಪದ ಭತ್ತದ ದಲ್ಲಾಳಿ. ಬರಿಗೈಯಲ್ಲಿ ಬಂದು ಮನೆ ಕಟ್ಟಿಸಿದವನು. ನಮ್ಮ ವ್ಯವಹಾರದ ಮೊದಲ ಪಾಠ: ಸ್ಯಾಂಪಲ್ ಚೊಕ್ಕಟವಾಗಿರಬೇಕು. ಖರೀದಿದಾರನ ಅಂಗೈಗೆ ಹಾಕುವ ಹಿಡಿ ಭತ್ತವನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಒಣಗಿಸಿಯೇ ಒಯ್ಯಬೇಕು. ಹಾಗಿರುವಾಗ ಹೆಂಡತಿಯ ರಕ್ತವನ್ನು ಇದ್ದ ಹಾಗೇ ಒಯ್ಯಲು ನಾನೇನು ಹೊಸಬನೇ?

ಪರೀಕ್ಷೆ ಮುಂದೂಡಿದೆ. ಪರಿಚಯದ ಮೆಡಿಕಲ್ ಶಾಪಿನಿಂದ ವಿಟಮಿನ್ ಗುಳಿಗೆ ತಂದು ಎರಡು ವಾರ ನುಂಗಿಸಿದೆ. ದಿನಾ ಮಾಳಿಗೆಯ ಬಿಸಿಲಿಗೆ ಕೂರಿಸಿದೆ.

"ಏನ್ರೀ, ನನ್ನ ಹಪ್ಪಳ ಮಾಡ್ತೀರೇನು?" ಎಂದಳು. ಕುರುಗೋಡಿನ ಹೆಣ್ಣು, ಸುಮ್ಮನಿರುವ ಬಾಯಲ್ಲ.

"ಸುಮ್ನ ಕುಂದ್ರು. ರಿಪೋರ್ಟ್ ಚಲೋ ಬರಬೇಕಲ್ಲ!"

"ರಿಪೋರ್ಟ್ ಚಲೋ ಆಗಬೇಕೋ, ಕಾಲು ಚಲೋ ಆಗಬೇಕೋ?"

ನಾನು ಅವಳ ಚಾಪೆಯನ್ನು ಇನ್ನಷ್ಟು ಬಿಸಿಲಿಗೆ ಎಳೆದೆ.

ಲ್ಯಾಬಿನಲ್ಲಿ, "ಅಷ್ಟು ರಕ್ತ ಯಾಕ್ರಿ? ಅರ್ಧ ತಗೊಂಡು ಅರ್ಧ ರೇಟ್ ಹಾಕ್ರಿ" ಎಂದೆ. ಕೌಂಟರಿನ ಹುಡುಗಿ, "ಅಣ್ಣಾರ, ಇನ್ನೂರು ಬಿಡ್ತೀನಿ, ಕುಂದರ್ರಿ ಸಾಕು" ಎಂದಳು. ಗೆದ್ದೆ!

ರಿಪೋರ್ಟ್ ಬಂತು. ಕೊರತೆಯ ಸುಳಿವಿಲ್ಲ. ಒಂದು ವಿಟಮಿನ್ನಂತೂ ಮಿತಿಯನ್ನೇ ದಾಟಿತ್ತು. ಎದೆಯುಬ್ಬಿಸಿ ಡಾಕ್ಟರಮ್ಮನ ಮುಂದಿಟ್ಟೆ.

"ರಕ್ತ ಚಲೋ ಐತಿ. ಮತ್ತ ಕಾಲಿಗೆ ಏನಾಗೇತಿ?" ಎಂದು ಅವರು ಹಣೆ ಉಜ್ಜಿಕೊಂಡರು.

"ಡಾಕ್ಟರಮ್ಮಾರ, ಇವ್ರು ಎರಡು ವಾರ ಗುಳಿಗಿ ತಿನಿಸಿ ಕರ್ಕೊಂಡ್ ಬಂದಾರ" ಎಂದಳು ಶಾರದಾ.

ಹಸಿ ಭತ್ತ ತಂದವನನ್ನು ನಾನು ನೋಡುವಂತೆ ಅವರು ನನ್ನನ್ನು ನೋಡಿದರು. "ಮೊದಲು ಎಷ್ಟಿತ್ತಂತ ಈಗ ಹೆಂಗ ಹೇಳ್ಲಿ? ಗುಳಿಗಿ ನಿಲ್ಲಿಸ್ರಿ. ಒಂದಷ್ಟು ದಿನ ಬಿಟ್ಟು ಮತ್ತ ಪರೀಕ್ಷಾ ಮಾಡ್ಸ್ರಿ. ಅಲ್ಲಿತನಕ ಇವ್ರನ್ನ ಒಲಿ ಮುಂದ ನಿಲ್ಲಿಸಬ್ಯಾಡ್ರಿ."

"ಹಳೇ ರೇಟಿಗೇ ಮಾಡ್ತಾರೇನ್ರಿ?" ಎಂದೆ.

ಶಾರದಾ ನನ್ನ ಪಾದ ತುಳಿದಳು. ಜುಮ್ಮೆನ್ನುವ ಕಾಲಿನಲ್ಲಿ ಅಷ್ಟು ಬಲವಿದ್ದುದು ವೈದ್ಯಶಾಸ್ತ್ರಕ್ಕೇ ಬಿಟ್ಟ ವಿಷಯ.

ಆದ್ದರಿಂದ ಓದುಗರೇ, ಪರೀಕ್ಷೆಗೆ ಮುಂಚೆ ಸ್ವಂತ ಬುದ್ಧಿಯಿಂದ ಗುಳಿಗೆ ನುಂಗಬೇಡಿ. ನುಂಗಿದ್ದರೆ ಡಾಕ್ಟರಿಗೆ ನೀವೇ ಹೇಳಿ, ಹೆಂಡತಿ ಹೇಳುವತನಕ ಕಾಯಬೇಡಿ. ಈಗ ಒಲೆಯ ಮುಂದೆ ನಿಲ್ಲುವವನು ನಾನೇ ಆದ್ದರಿಂದ ಇನ್ನೊಂದು ಮಾತು: ಜೋಳದ ಹಿಟ್ಟಿಗೆ ನೀರು ಕುದಿಯುತ್ತಿರಬೇಕು, ಆರಿದ ನೀರು ಹಾಕಿದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಇದನ್ನು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ.