ಸಾಹುಕಾರರ ಎಡಗೈ ಮತ್ತು ಗುಡ್ಡದ ಸೊಳ್ಳೆಗಳು

ಜನ ಸೊಳ್ಳೆಗೆ ಹೆದರಿ ಮನೆ ಸೇರುತ್ತಾರೆ. ನಾವು ಬೇಸಿಗೆ ಬಂತೆಂದರೆ ಸೊಳ್ಳೆ ಇದ್ದಲ್ಲಿಗೇ ಹುಡುಕಿಕೊಂಡು ಹೋಗುವವರು. ಹೀಗಾಗಿ ನಮಗೆ ಫಜೀತಿಗಳ ಕೊರತೆ ಯಾವತ್ತೂ ಆಗಿಲ್ಲ.

ನಾವು ಅಂದರೆ ಮೂವರು. ನಾನು ಶಹಾಪುರದಲ್ಲಿ ಬಟ್ಟೆ ಹೊಲಿಯುವವನು. ನನ್ನ ಅಂಗಡಿಗೆ ಒತ್ತಿಕೊಂಡೇ ಇರುವ ಕಿರಾಣಿ ಅಂಗಡಿಯ ಸಾಹುಕಾರರು ಎರಡನೆಯವರು. ಮೂರನೆಯವರು ನನಗೆ ಏಳನೇ ಇಯತ್ತೆಯಲ್ಲಿ ಕಲಿಸಿದ, ಈಗ ರಿಟೈರ್ ಆಗಿರುವ ಹೆಡ್‌ಮಾಸ್ತರರು. ಊರ ಗುಡ್ಡ ಹತ್ತುವುದು ನಮಗೊಂದು ಚಟ. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಹೋದರೆ ಬಂಡೆ ಕಾದು ಅಂಗಾಲು ಸುಡುತ್ತದೆ. ನಸುಕಿನಲ್ಲಿ ಹೋದರೆ ಬಂಡೆಗಳ ನಡುವಿನ ಹೊಂಡದಲ್ಲಿ ಬತ್ತಿ ಉಳಿದ ಹಸಿರು ನೀರಿನ ಸೊಳ್ಳೆಗಳು ಎದ್ದು ಬರುತ್ತವೆ. ಅತ್ತ ದರಿ, ಇತ್ತ ಪುಲಿ. ನಾವು ಸೊಳ್ಳೆಗಳನ್ನೇ ಆರಿಸಿಕೊಂಡಿದ್ದೆವು.

ಈಗ ಅದೆಲ್ಲ ನಿಂತಿದೆ. ಹೋದ ಬೇಸಿಗೆಯಲ್ಲಿ ಸಾಹುಕಾರರಿಗೆ ಲಕ್ವಾ ಹೊಡೆಯಿತು. ನಾಲಿಗೆ ಮೊದಲಿನಂತೆ ಹೊರಳುತ್ತದೆ, ಕಾಲು ಅಷ್ಟಿಷ್ಟು ಹೇಳಿದ ಮಾತು ಕೇಳುತ್ತದೆ. ಎಡಗೈ ಮಾತ್ರ ಸತ್ತಂತೆ ಬಿದ್ದಿದೆ, ಮುಟ್ಟಿದರೂ ಗೊತ್ತಾಗುವುದಿಲ್ಲ. ಮೊದಲು ಚಿವುಟಿದ್ದು ತಿಳಿಯಲಿ, ಕೈ ಎತ್ತುವ ಮಾತು ಆಮೇಲೆ ಅಂತ ಡಾಕ್ಟರು ಹೇಳಿದ್ದಾರೆ. ಸಾಹುಕಾರರ ಹೆಂಡತಿ, ನಾನು ಅಕ್ಕಾವ್ರು ಅನ್ನುತ್ತೇನೆ, ದಿನಾ ಚಿವುಟಿ ನೋಡುತ್ತಾರೆ. ನಾನೂ ಹೆಡ್‌ಮಾಸ್ತರರೂ ದಿನಾ ಸಂಜೆ ಹೋಗಿ ಮಂಚದ ಪಕ್ಕ ಕೂತು ಗುಡ್ಡದ ಹಳೇ ಕತೆಗಳನ್ನೇ ಹೇಳಿ ನಗಿಸುತ್ತೇವೆ. ನಕ್ಕರೆ ಅವರ ಬಾಯಿ ಒಂದೇ ಕಡೆ ಅರಳುತ್ತದೆ. ನನಗೆ ಅದನ್ನು ನೋಡಲಾಗುವುದಿಲ್ಲ. ನಗಿಸದೆ ಎದ್ದು ಬರಲಿಕ್ಕೂ ಆಗುವುದಿಲ್ಲ.

೧. ಮಾಸ್ತರರ ಕುತ್ತಿಗೆ

ಸಾಹುಕಾರರಿಗೆ ಎಲ್ಲಕ್ಕಿಂತ ಪ್ರೀತಿಯ ಕತೆ ಇದು. ಎಷ್ಟು ಸಲ ಹೇಳಿದರೂ ಮತ್ತೊಮ್ಮೆ ಹೇಳು ಅಂತ ಬಲಗೈಯಿಂದ ಸನ್ನೆ ಮಾಡುತ್ತಾರೆ.

ಕುತ್ತಿಗೆಯ ಹಿಂದೆ ಕೂತ ಸೊಳ್ಳೆ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಸಾಹುಕಾರರು ಒಂದು ಕಾಯ್ದೆ ಮಾಡಿದರು: ಯಾರ ಮೈಮೇಲೆ ಕೂತಿರಲಿ, ಕಂಡವರು ಹೊಡೆಯಬೇಕು, ಹೊಡೆಸಿಕೊಂಡವರು ಸಿಟ್ಟು ಮಾಡಬಾರದು. ಹೆಡ್‌ಮಾಸ್ತರರೂ ಒಪ್ಪಿದರು. ಆದರೆ ಅವರ ಮೇಲೆ ಕೈ ಎತ್ತುವುದು ಯಾರು? ಶಾಲೆಯಲ್ಲಿ ಅವರ ನೆರಳು ಕಂಡರೆ ಚಡ್ಡಿ ಒದ್ದೆ ಮಾಡಿಕೊಂಡವರು ನಾವು.

ಒಂದು ನಸುಕಿನಲ್ಲಿ ಅವರು ನನ್ನ ಮುಂದೆ ಹತ್ತುತ್ತಿದ್ದರು. ಕುತ್ತಿಗೆಯ ಮೇಲೆ ಕರ್ರಗೆ ಒಂದು ಕೂತಂತೆ ಕಂಡಿತು. ದೇವರ ಮೇಲೆ ಭಾರ ಹಾಕಿ ಬಾರಿಸಿದೆ. ಆ ಸದ್ದಿಗೆ ಹೊಂಡದ ಕಡೆಯಿಂದ ಎರಡು ಕೊಕ್ಕರೆ ಎದ್ದು ಹಾರಿದವು. ಹೆಡ್‌ಮಾಸ್ತರರು ನಿಂತರು, ನಿಧಾನ ತಿರುಗಿದರು, ಸತ್ತಿತೇನು ಅಂತ ಕೇಳಿದರು. ಇಲ್ರಿ ಸರ, ಹಾರಿಹೋತು ಅಂದೆ. ಅವರು ಕುತ್ತಿಗೆ ಸವರಿಕೊಂಡರು.

ಹಿಂದಿನಿಂದ ಸಾಹುಕಾರರ ದನಿ ಬಂತು: "ಸರ, ಸೊಳ್ಳಿ ನಿಮ್ಮ ಮ್ಯಾಲ ಕುಂತಿದ್ದಿಲ್ರಿ. ನನ್ನ ಮ್ಯಾಲ ಕುಂತಿತ್ತು, ಈಗೂ ಅಲ್ಲೇ ಅದ."

೨. ಬತ್ತಿಯ ಬೂದಿ

ಸಾಹುಕಾರರ ಅಂಗಡಿಯಲ್ಲಿ ಸೊಳ್ಳೆ ಬತ್ತಿಗೆ ಒಳ್ಳೆಯ ವ್ಯಾಪಾರ. ಸುತ್ತು ಸುತ್ತಾಗಿ ಇರುತ್ತದಲ್ಲ, ಆ ಹಸಿರು ಬತ್ತಿ. ಬೇವಿನೆಣ್ಣೆ ಹಚ್ಚಿಕೊಂಡು ನೋಡಿ ಬೇಸತ್ತಿದ್ದ ಅವರು ಒಂದು ದಿನ ಕೋಲಿನ ತುದಿಗೆ ಬತ್ತಿ ಸಿಗಿಸಿ, ಹಚ್ಚಿಕೊಂಡು, ಹೊಗೆ ಬಿಡುತ್ತ ಗುಡ್ಡ ಹತ್ತಿದರು. ಬಿಳಿ ಧೋತರ, ಹಣೆ ತುಂಬ ವಿಭೂತಿ, ತಲೆಯ ಸುತ್ತ ಹೊಗೆ. ಇಳಿದು ಬರುವಷ್ಟರಲ್ಲಿ ಕೆಳಗೆ ಒಬ್ಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಕೈಮುಗಿದು ನಿಂತಿದ್ದಳು. ಕೂಸಿಗೆ ಜ್ವರವಂತೆ. ಇವರು ಬಾಯಿ ತೆರೆಯುವುದರೊಳಗೆ ಬತ್ತಿಯಿಂದ ಉದುರಿದ ಬೂದಿಯನ್ನು ಬೆರಳಲ್ಲಿ ತೆಗೆದು ಕೂಸಿನ ಹಣೆಗೆ ಹಚ್ಚಿದಳು, ಕಾಲಿಗೆ ಬಿದ್ದು ಹೊರಟೇಬಿಟ್ಟಳು.

ದಿನಾ ಲಿಂಗಪೂಜೆ ಮಾಡಿಯೇ ಬಾಯಿಗೆ ನೀರು ಹಾಕುವ ಮನುಷ್ಯ. ಸೊಳ್ಳೆ ಬತ್ತಿಯ ಬೂದಿ ಇಭೂತಿ ಆಯಿತಲ್ಲ ಅಂತ ಊಟ ಸೇರದೆ ಕೊರಗಿದರು. ಕೂಸಿಗೆ ಏನಾದರೂ ಆದರೆ ಅನ್ನುವ ಹೆದರಿಕೆ ಬೇರೆ.

ಕೆಲವು ದಿನಗಳ ಮೇಲೆ ಅವಳು ಮತ್ತೆ ಬಂದಳು. ಕೂಸು ನಗುತ್ತಿತ್ತು. ಅವಳ ಕೈಯಲ್ಲಿ ತೆಂಗಿನಕಾಯಿ, ಇನ್ನೊಂದಿಷ್ಟು ಬೂದಿ ಬೇಕು ಅಂದಳು. ಸಾಹುಕಾರರು ಇದು ದೇವರ ಬೂದಿಯಲ್ಲ, ಸೊಳ್ಳೆ ಬತ್ತಿದು, ಕೂಸಿಗೆ ಜ್ವರ ಬಂದರೆ ದವಾಖಾನೆಗೆ ಹೋಗು ಅಂತ ಎಲ್ಲವನ್ನೂ ಬಿಡಿಸಿ ಹೇಳಿದರು. ಅವಳೇನೂ ಗಾಬರಿಯಾಗಲಿಲ್ಲ.

"ಅಲ್ಲಿಗೂ ಹೋಗಿದ್ದೆರಿ ಯಪ್ಪಾ. ಅವರೂ ಮಂಚದ ಬುಡಕ ಇದನ್ನೇ ಹಚ್ಚಿಟ್ಟಾರ. ಅದನ್ನ ನೋಡೇ ನಿಮ್ಮ ಮ್ಯಾಲ ನಂಬಿಗಿ ಬಂತು."

೩. ಕೈ ಕುರ್ಚಿ

ಇದನ್ನು ಸಾಹುಕಾರರ ಮುಂದೆ ನಾವಾಗಿ ಹೇಳುವುದಿಲ್ಲ. ಒಂದೊಂದು ದಿನ ಅವರೇ ಹೇಳು ಅನ್ನುತ್ತಾರೆ.

ಅವತ್ತು ಸೋಮವಾರ. ಹೊಂಡದ ಹತ್ತಿರ ಬಂಡೆಯ ಮೇಲೆ ಕೂತಿದ್ದೆವು. ಸಾಹುಕಾರರ ಎಡಗೈ ಮೇಲೆ ಸೊಳ್ಳೆಗಳು ಸಾಲಾಗಿ ಕೂತಿದ್ದವು. ಅವರು ನೋಡುತ್ತಿದ್ದರು, ಹೊಡೆಯಲಿಲ್ಲ. ಶಿವನ ವಾರ, ಜೀವಹಿಂಸೆ ಬಿಟ್ಟಿರಬೇಕು ಅಂತ ಹೆಡ್‌ಮಾಸ್ತರರು ಅಂದರು, ನಾನು ನಕ್ಕೆ. ಸಾಹುಕಾರರೂ ಏನೋ ಅನ್ನಲು ಹೋದರು. ಬಾಯಿ ಒಂದು ಕಡೆಗೆ ಜಾರಿತು, ಮಾತು ಬರಲಿಲ್ಲ.

ಸಾಹುಕಾರರು ಸಣಕಲು ಆಳು. ನಾನೂ ಹೆಡ್‌ಮಾಸ್ತರರೂ ನಾಲ್ಕು ಕೈ ಹೆಣೆದು ಕುರ್ಚಿ ಮಾಡಿ ಅವರನ್ನು ಕೂರಿಸಿಕೊಂಡು ಇಳಿಯತೊಡಗಿದೆವು. ನಮ್ಮ ಕೈ ಖಾಲಿ ಇಲ್ಲ ಅಂತ ಸೊಳ್ಳೆಗಳಿಗೆ ಯಾರು ಹೇಳಿದರೋ, ಮುಖಕ್ಕೇ ಮುತ್ತಿದವು. ಆಗ ಸಾಹುಕಾರರ ಬಲಗೈ ಎದ್ದಿತು. ಹೆಡ್‌ಮಾಸ್ತರರ ಕೆನ್ನೆಗೊಂದು ಬಿತ್ತು. ಆಮೇಲೆ ನನಗೊಂದು. ಅರ್ಧ ದೇಹ ಕೈಕೊಟ್ಟ ಮನುಷ್ಯ, ಉಳಿದರ್ಧದಿಂದ ನಮ್ಮಿಬ್ಬರನ್ನು ಕಾಯುತ್ತ ಬಂದ. ಹೆಡ್‌ಮಾಸ್ತರರು ಅಳುತ್ತಿದ್ದರು. ಏಟಿಗಲ್ಲ ಅಂತ ನನಗೆ ಗೊತ್ತಿತ್ತು.

ಕೆಳಗೆ ಬಂದಾಗ ನಮ್ಮಿಬ್ಬರ ಕೆನ್ನೆ ಕೆಂಪಗೆ ಬಾತಿದ್ದವು. ಆಟೋದವನು ನಮ್ಮನ್ನೂ, ಮಾತಿಲ್ಲದೆ ಕೂತ ಸಾಹುಕಾರರನ್ನೂ ನೋಡಿ ಕೇಳಿದ: "ದವಾಖಾನಿಗಿ ಹೋಗೂದೋ, ಪೊಲೀಸ್ ಠಾಣಾಕೋ?"

೪. ಕಡೀಲಿ

ಇದು ಈ ಬೇಸಿಗೆಯದು.

ಅಕ್ಕಾವ್ರು ಮಂಚಕ್ಕೆ ಸೊಳ್ಳೆ ಪರದೆ ಕಟ್ಟಿದ್ದಾರೆ, ದೀಪ ಹಚ್ಚುವ ಹೊತ್ತಿಗೆ ಕಿಟಕಿಗಳನ್ನು ಮುಚ್ಚುತ್ತಾರೆ. ಅವತ್ತು ಸಂಜೆ ನಾವು ಕೂತಿದ್ದೆವಾದ್ದರಿಂದ ಪರದೆ ಎತ್ತಿ ಕಟ್ಟಿತ್ತು. ಎಲ್ಲಿಂದಲೋ ಒಂದು ಸೊಳ್ಳೆ ಬಂದು ಸಾಹುಕಾರರ ಎಡಗೈಯ ಮೊಣಕೈ ಹತ್ತಿರ ಕೂತಿತು. ಹಳೇ ಕಾಯ್ದೆ, ಹೆಡ್‌ಮಾಸ್ತರರು ಕೈ ಎತ್ತಿದರು.

"ಹೊಡಿಬ್ಯಾಡ್ರಿ ಸರ. ಕಡೀಲಿ," ಅಂದರು ಅಕ್ಕಾವ್ರು.

ಎತ್ತಿದ ಕೈ ಹಾಗೇ ನಿಂತಿತು. ಅಕ್ಕಾವ್ರೂ ನಾವಿಬ್ಬರೂ ಉಸಿರು ಬಿಗಿಹಿಡಿದು ಆ ಕೈ ಮೇಲೆ ಬಾಗಿದೆವು. ನಮ್ಮ ತಲೆಗಳು ಅಡ್ಡ ಬಂದು ಸಾಹುಕಾರರಿಗೆ ತಮ್ಮ ಕೈಯೇ ಕಾಣುತ್ತಿರಲಿಲ್ಲ. ಸೊಳ್ಳೆಗೆ ಜೀವಮಾನದಲ್ಲಿ ಅಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ. ಸಾವಕಾಶ ಕುಡಿಯಿತು, ಹೊಟ್ಟೆ ಕೆಂಪಾಯಿತು, ಭಾರಕ್ಕೆ ತೂರಾಡುತ್ತ ಎದ್ದು ಹೋಯಿತು.

ಗೊತ್ತಾತೇನ್ರಿ ಅಂತ ಅಕ್ಕಾವ್ರು ಕೇಳಿದರು. ಸಾಹುಕಾರರು ಹೆಂಡತಿಯ ಮುಖ ನೋಡಿದರು.

"ಹೂಂ," ಅಂದರು. "ತುರಸಾಕತ್ತದ."

ಹೆಡ್‌ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳತೊಡಗಿದರು. ಅಕ್ಕಾವ್ರು ಬಾಗಿ ಗಂಡನ ಕಿರುಬೆರಳಿನ ಬುಡ ತುರಿಸುತ್ತ, ಇಲ್ಲೇನ್ರಿ ಅಂದರು. ಹೌದು, ಬರೋಬರ್ ಅಲ್ಲೇ ಅಂದರು ಸಾಹುಕಾರರು. ಸೊಳ್ಳೆ ಕಡಿದ ಗುಳ್ಳೆ ಮೊಣಕೈ ಹತ್ತಿರ ಎದ್ದು ಕಾಣುತ್ತಿತ್ತು. ಅಕ್ಕಾವ್ರು ಬಹಳ ಹೊತ್ತು ಕಿರುಬೆರಳನ್ನೇ ತುರಿಸಿದರು, ಆಮೇಲೆ ಚಹಾ ಮಾಡುತ್ತೇನೆ ಅಂತ ಎದ್ದು ಹೋದರು.

ಸಾಹುಕಾರರು ನನ್ನ ಅಂಗಿಯ ತೋಳು ಹಿಡಿದು ಹತ್ತಿರ ಎಳೆದು, ಏನೂ ಗೊತ್ತಾಗಲಿಲ್ಲ, ಆಕಿಗೆ ಹೇಳಬ್ಯಾಡ ಅಂದರು. ಕಪ್ಪು ತರಲು ಅಡುಗೆಮನೆಗೆ ಹೋದೆ. ಅಕ್ಕಾವ್ರು ಒಲೆಯ ಕಡೆ ಮುಖ ಮಾಡಿಯೇ ಅಂದರು: "ನನಗ ಗೊತ್ತಾಗ್ಯಾದಂತ ಅವರಿಗಿ ಹೇಳಬ್ಯಾಡ್ರಿ ಅಣ್ಣಾರ." ಇಬ್ಬರಿಗೂ ಆಯಿತು ಅಂದೆ.

ಹೊರಗೆ ಬಂದ ಮೇಲೆ ಹೆಡ್‌ಮಾಸ್ತರರ ಹೆಜ್ಜೆ ನೆಲಕ್ಕೆ ತಾಗುತ್ತಿರಲಿಲ್ಲ. ನಂಬಿದವರು ಅವರೊಬ್ಬರೇ. ಒಂದೇ ಸೊಳ್ಳೆಗೆ ಇಷ್ಟು ಗುಣ ಕಂಡಿದೆಯೆಂದರೆ ನಾಳೆಯಿಂದ ಕಿಟಕಿ ತೆರೆದಿಡಬೇಕು, ಇನ್ನೊಂದು ನಾಲ್ಕು ಬರಲಿ, ಮಳೆಗಾಲದ ಒಳಗೆ ಸಾಹುಕಾರರು ಗುಡ್ಡ ಹತ್ತುತ್ತಾರೆ, ನೀನೇ ಆ ತಾಯಿಗೆ ತಿಳಿಸಿ ಹೇಳು ಅಂದರು. ಹೌದ್ರಿ ಸರ ಅಂದೆ. ಯಾರಿಗೂ ಏನೂ ಹೇಳಲಿಲ್ಲ.

ಮರುದಿನ ಸಂಜೆ ಹೋದಾಗ ದೀಪ ಹಚ್ಚಿತ್ತು, ಕಿಟಕಿಗಳೆಲ್ಲ ಹಾರು ಹೊಡೆದಿದ್ದವು, ಫ್ಯಾನು ನಿಲ್ಲಿಸಿತ್ತು. ಸಾಹುಕಾರರು ಪರದೆಯೊಳಗೆ ಮಲಗಿದ್ದರು. ಎಡಗೈಯೊಂದು ಮಾತ್ರ ಪರದೆಯ ಹೊರಗೆ, ದಿಂಬಿನ ಮೇಲೆ. ಪಕ್ಕದಲ್ಲಿ ಅಕ್ಕಾವ್ರು ಸೊಳ್ಳೆಯ ದಾರಿ ಕಾಯುತ್ತ ಕೂತಿದ್ದರು.