ವಿಮಾನದಲ್ಲಿ ಒಂದು ‘ಬಿಡ್ತು’

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಗಗನಸಖಿಯಾದೆ. “ಸಖಿ ಅನ್ನೋ ವಯಸ್ಸು ದಾಟಿಲ್ವಾ?” ಎಂದ ನನ್ನವರು ಆ ದಿನ ತಾವೇ ಕಾಫಿ ಮಾಡಿಕೊಂಡು ಕುಡಿದರು.

ಕೆಲಸ ಖಾಯಮಾಗಲು ಒಂದೇ ಪರೀಕ್ಷೆ ಬಾಕಿಯಿತ್ತು. ಡೆಟ್ರಾಯಿಟ್‌ನಿಂದ ಶಿಕಾಗೋಗೆ ಹೋಗುವ ವಿಮಾನದಲ್ಲಿ ಸೂಪರ್‌ವೈಸರ್ ಕೂತು ನನ್ನ ಕೆಲಸ ನೋಡುತ್ತಾರೆ. ಪಾಸಾದರೆ ಆಕಾಶ, ಇಲ್ಲದಿದ್ದರೆ ಅಡುಗೆಮನೆ. ನನಗೇನು ಭಯ? ಕನ್ನಡ ಕೂಟದ ಯುಗಾದಿಗೆ ಪ್ರತಿವರ್ಷ ನಿರೂಪಣೆ ಮಾಡಿದವಳು ನಾನು!

ಡೆಟ್ರಾಯಿಟ್ ಪಕ್ಕದ ಟ್ರಾಯ್‌ನ ನಮ್ಮ ಮನೆಯಲ್ಲಿ ಸುರಕ್ಷತಾ ಪ್ರಕಟಣೆಯ ತಾಲೀಮು ಶುರುವಾಯಿತು. ಪ್ರಯಾಣಿಕರೆಂದರೆ ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಒಬ್ಬರೇ. ವಿಮಾನ ಅಕಸ್ಮಾತ್ ನೀರಿಗಿಳಿದರೆ ಏನು ಮಾಡಬೇಕೆಂದು ಹೇಳಲು ಬಾಯಿ ತೆರೆದರೆ ಸಾಕು, ಸೋಫಾದಿಂದಲೇ ತಡೆಯುತ್ತಿದ್ದರು.

“ಅಪಶಕುನ ನುಡೀಬೇಡ ಕಣೇ. ಬಿಡ್ತು ಅನ್ನು.”

“ಅತ್ತೆ, ಇದು ರೂಲು. ಹೇಳ್ಲೇಬೇಕು.”

“ಹೇಳು, ಯಾರು ಬೇಡ ಅಂದ್ರು? ಹೇಳ್ಬಿಟ್ಟು ಬಿಡ್ತು ಅನ್ನು.”

ಅಂದೆ. ಆಕ್ಸಿಜನ್ ಮಾಸ್ಕಿಗೂ ಅಂದೆ. ಹೊರಡುವ ದಿನದ ಹೊತ್ತಿಗೆ ಪ್ರಕಟಣೆ ನನಗೆ ಬಾಯಿಪಾಠವಾಗಿತ್ತು, ಬಿಡ್ತು ಸಮೇತ.

ಪರೀಕ್ಷೆಯ ದಿನ ಸೂಪರ್‌ವೈಸರ್ ಕೊನೆಯ ಸಾಲಿನಲ್ಲಿ ಕೂತರು. ನಾನು ಮೈಕ್ ಹಿಡಿದು ಶಾಸ್ತ್ರೋಕ್ತವಾಗಿ ಆರಂಭಿಸಿದೆ. ನೀರಿಗಿಳಿಯುವ ವಾಕ್ಯ ಬಂತು. ದಾರಿಯಲ್ಲಿ ಸಮುದ್ರದಂಥ ಲೇಕ್ ಮಿಷಿಗನ್ ಬೇರೆ. ವಾಕ್ಯ ಮುಗಿಯಿತು, ನಾಲಿಗೆ ನಿಲ್ಲಲಿಲ್ಲ.

“ಬಿಡ್ತು.”

ಇಡೀ ವಿಮಾನಕ್ಕೆ ಕೇಳಿಸಿತು. ಗಾಬರಿಯಿಂದ, “ಸಾರಿ, ನೋ ಬಿಡ್ತು” ಎಂದೆ. ಕೆಟ್ಟಿದ್ದೇ ಅಲ್ಲಿ. ಬಿಡ್ತು ಎಂಬುದೊಂದು ಜೀವರಕ್ಷಕ ಸಲಕರಣೆ, ಈ ವಿಮಾನದಲ್ಲಿ ಅದು ಇಲ್ಲ ಎಂದು ಜನ ತಿಳಿದರು. ಒಬ್ಬ ದಢೂತಿ ಮನುಷ್ಯ ಬಗ್ಗಿ ಸೀಟಿನ ಕೆಳಗೆ ತಡಕಾಡಿದ. ಕಿಟಕಿ ಪಕ್ಕದ ಅಜ್ಜಿ ಬೆಲ್ ಒತ್ತಿ, “ವೇರ್ ಈಸ್ ಮೈ ಬಿಡ್ತು?” ಎಂದು ಜೋರು ಮಾಡಿದರು. ಅಷ್ಟರಲ್ಲಿ ಕ್ಯಾಪ್ಟನ್ ಒಳಗಿಂದ ಫೋನ್ ಮಾಡಿ, ಏನೋ ಕಮ್ಮಿಯಂತೆ, ಹೊರಡಬಹುದೋ ಬೇಡವೋ ಎಂದು ಕೇಳಿದರು. ಕಮ್ಮಿ ಇದ್ದದ್ದು ನನ್ನ ಬುದ್ಧಿ ಮಾತ್ರ ಎಂದು ಹೇಳಲಾದೀತೇ? ಏನೂ ಕಮ್ಮಿಯಿಲ್ಲ, ಹೊರಡಿ ಎಂದು ಅವರಿಗೆ ಹೇಳಿ, ಪ್ರತಿ ಸಾಲಿಗೂ ಹೋಗಿ ಕೈಮುಗಿಯುವುದೊಂದು ಬಾಕಿ ಇಟ್ಟು ಸಮಾಧಾನ ಹೇಳಿದೆ.

ಶಿಕಾಗೋದಲ್ಲಿ ಎಲ್ಲರೂ ಇಳಿದ ಮೇಲೆ ಸೂಪರ್‌ವೈಸರ್ ಕರೆದರು. ಆ ಪದದ ಅರ್ಥವೇನೆಂದು ಕೇಳಿದರು. ಅತ್ತೆಯಿಂದ ಹಿಡಿದು ಸೋಫಾದವರೆಗೆ ಎಲ್ಲವನ್ನೂ ಒಪ್ಪಿಸಿದೆ.

ಆಕೆ, ಕೆಟ್ಟ ಮಾತು ಬಂದರೆ ಅದು ಫಲಿಸದಿರಲೆಂದು ತಮ್ಮ ಅಜ್ಜಿ ಮರ ತಟ್ಟುತ್ತಿದ್ದರು, ವಿಮಾನದಲ್ಲಿ ಮರ ಎಲ್ಲಿ ಸಿಗುತ್ತದೆ ಎಂದರು. ಆಮೇಲೆ, “ಯೂ ಪಾಸ್ಡ್. ಬಟ್ ಮೈಕ್ ಆಫ್ ಮಾಡಿ ಹೇಳಿ” ಎಂಬರ್ಥದ ಮಾತು ಹೇಳಿ ಕೈಕುಲುಕಿದರು. ಹೋದ ಜೀವ ಬಂತು. ಅಲ್ಲೇ ಸೀಟಿನ ಮೇಲೆ ಕುಸಿದು ಕೂತು ಒಬ್ಬಳೇ ನಕ್ಕೆ.

ವಾಪಸ್ ಪ್ರಯಾಣಕ್ಕೆ ಜನ ಹತ್ತಿ ಕೂತರು. ಹೊರಡುವ ಮುನ್ನ ಖುಷಿ ತಡೆಯದೆ ಮನೆಗೆ ಫೋನ್ ಮಾಡಿದೆ.

“ಸದ್ಯ,” ಎಂದರು ನನ್ನವರು. “ಫೇಲ್ ಆಗಿದ್ದಿದ್ರೆ ಏನ್ ಗತಿ?”

“ಥೂ, ಬಿಡ್ತು ಅನ್ರೀ!”

ನನ್ನ ದನಿ ಕೊನೆಯ ಸಾಲಿನವರೆಗೂ ಮೊಳಗಿತು. ಹೊಸ ಪ್ರಯಾಣಿಕರೆಲ್ಲ ತಲೆಯೆತ್ತಿ ನೋಡಿದರು. ಒಂದು ಕೈಯಲ್ಲಿ ಫೋನ್ ಇತ್ತು. ಇನ್ನೊಂದರಲ್ಲಿ ಮೈಕ್.